ತಳಿ ಉಳಿಸೋಕೆ ಮೂರು ಒಡ್ಡಿ: ನನ್ನ ಅನುಭವ

ತೋಟದ ಮನೆಯಲ್ಲಿ ಕೋಳಿ ಬಿಟ್ಟು ಸಾಕಿದರೆ ಯಾವ ಮರಿ ಯಾವ ಹುಂಜದ್ದು ಅನ್ನುವ ಲೆಕ್ಕ ಸಿಗುವುದಿಲ್ಲ. ನಮ್ಮ ಹೊಸನಗರದ ಕಡೆ ಈಗ ಗಿರಿರಾಜ, ಸ್ವರ್ಣಧಾರಾ ಎಲ್ಲ ಹಳ್ಳಿಗೂ ಬಂದಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಒಳ್ಳೆಯ ತಳಿಗಳೇ, ತೂಕ, ಮೊಟ್ಟೆ ಎರಡರಲ್ಲೂ ನಾಟಿಗಿಂತ ಮುಂದೆ. ಆದರೆ ಕಾವಿಗೆ ಕೂರುವ ವಿಷಯದಲ್ಲಿ ಅವನ್ನು ನಂಬುವ ಹಾಗಿಲ್ಲ. ಪಕ್ಕದ ಮನೆಯ ಅಂಥ ಹುಂಜ ಬೇಲಿ ನುಸುಳಿ ಬಂದು ಹೋಗುತ್ತಿದ್ದರೆ ನಮ್ಮ ನಾಟಿಯ ಗುಣವೂ ಕರಗುತ್ತಾ ಹೋಗುತ್ತದೆ. ನನಗೆ ಬೇಕಾಗಿದ್ದದ್ದು ತಾನೇ ಕಾವಿಗೆ ಕೂತು, ಹದ್ದಿನ ನೆರಳು ಬಿದ್ದರೆ ಮರಿಗಳನ್ನು ರೆಕ್ಕೆ ಅಡಿ ಸೇರಿಸಿಕೊಳ್ಳುವ ಹೇಂಟೆ. ಅದಕ್ಕಾಗಿ ಮನೆ ಹಿಂದಿನ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಸಾಲಾಗಿ ಮೂರು ಒಡ್ಡಿ, ಅಂದರೆ ಕೋಳಿಮನೆ, ಕಟ್ಟಿಸಿದೆ.

"ಕೋಳಿಗೂ ಜೈಲು ಕಟ್ಟಿಸ್ತಿದೀಯಲ್ಲೇ, ಅವೇನ್ ಕಳ್ಳತನ ಮಾಡಿದ್ವಾ?" ಅಂದರು ಅತ್ತೆ.

"ಕಳ್ರೆಲ್ಲ ಹೊರಗಿದಾರೆ ಅತ್ತೆ" ಅಂದೆ.

ಒಡ್ಡಿ ಅಂದ ತಕ್ಷಣ ಎಲ್ಲರಿಗೂ ಮೊದಲು ನೆನಪಾಗುವುದು ಮುಂಗುಸಿ. ನನ್ನ ಲೆಕ್ಕದಲ್ಲಿ ಮಲೆನಾಡಿನಲ್ಲಿ ಒಡ್ಡಿ ಕಟ್ಟಬೇಕಾದ್ದು ಮೊದಲು ಮಳೆಗೆ, ಆಮೇಲೆ ಮುಂಗುಸಿಗೆ. ಮುಂಗುಸಿ ಬಂದರೆ ಒಂದೆರಡು ಕೋಳಿ ಹೋಗುತ್ತದೆ. ನೆಲ ಒದ್ದೆಯಾಗಿ ರಕ್ತಭೇದಿ ಹಿಡಿದರೆ ಒಂದು ಬ್ಯಾಚು ಮರಿಯೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ ಮೇಲಿಂದ ಮಾತ್ರ ಬೀಳುವುದಿಲ್ಲ, ಗಾಳಿ ಹೊಡೆತಕ್ಕೆ ಪಡುವಣದಿಂದ ಅಡ್ಡಡ್ಡ ಎರಚುತ್ತದೆ. ಹಾಗಾಗಿ ಒಡ್ಡಿಯ ಬೆನ್ನು ಪಶ್ಚಿಮಕ್ಕೆ, ಬಾಯಿ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರ ಒಳಗೆ ಬಿದ್ದು ನೆಲ ಬೇಗ ಒಣಗುತ್ತದೆ. ಜಾಗ ಇಳಿಜಾರಿನದ್ದೇ ಆರಿಸಿದೆ. ಮೇಲಿನ ನೀರು ಒಳಗೆ ಬಾರದಂತೆ ಹಿಂಬದಿಗೆ ಒಂದು ಕಾಲುವೆ ತೋಡಿಸಿದರೆ ಮಿಕ್ಕಿದ್ದನ್ನು ಇಳಿಜಾರೇ ನೋಡಿಕೊಳ್ಳುತ್ತದೆ.

ಒಂದೊಂದು ಒಡ್ಡಿ ಆರು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಹಿಂದಿನ ಆರು ಅಡಿ ಶೀಟ್ ಹೊದಿಸಿದ ಕೋಣೆ, ಒಂದಡಿ ಎತ್ತರದ ಜಗುಲಿ ಮೇಲೆ. ಮುಂದಿನ ಎಂಟು ಅಡಿ ಬರೀ ಮೆಶ್ ಹಾಕಿದ ಅಂಗಳ. ಒಂದು ಹುಂಜ, ಆರು ಹೇಂಟೆಗೆ ತಲಾ ಹನ್ನೆರಡು ಚದರಡಿ ಸಿಗುತ್ತದೆ, ಸಾಕು. ನಡುವೆ ಒಂದು ಕಿರುಬಾಗಿಲು. ಜಡಿಮಳೆಯ ದಿನ ಅದನ್ನು ಮುಚ್ಚಿಟ್ಟರೆ ಕೋಳಿಗಳು ಒಳಗೇ ಇರುತ್ತವೆ, ಹೊಳವಾದ ಮೇಲೆ ತೆಗೆಯುವುದು. ಅಂಗಳದ ಮೇಲೂ ಶೀಟ್ ಹಾಕಿಸಿ ಅಂದವರಿದ್ದರು. ಖರ್ಚಿನ ಮಾತು ಹಾಗಿರಲಿ, ಬಿಸಿಲೇ ಬೀಳದ ನೆಲ ನಮ್ಮ ಸೀಮೆಯಲ್ಲಿ ಪಾಚಿ ಕಟ್ಟುತ್ತದೆ. ಸೂರು ಮಾತ್ರ ಎರಡೂವರೆ ಅಡಿ ಮುಂದೆ ಚಾಚಿರಬೇಕು.

ಕೋಣೆಯ ಗೋಡೆಯನ್ನು ಮೇಲಿನವರೆಗೆ ಮುಚ್ಚಲಿಲ್ಲ. ಸೂರಿನ ಕೆಳಗೆ ಒಂದಡಿ ಮೆಶ್ ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಬೆಳಗ್ಗೆ ಬಾಗಿಲು ತೆಗೆದಾಗ ಹಿಕ್ಕೆಯ ಘಾಟು ಮೂಗಿಗೆ ಹೊಡೆಯುತ್ತದೆ ಅಂದರೆ ಗಾಳಿ ಸಾಲದು ಅಂತಲೇ ಅರ್ಥ, ಕೋಳಿಗೆ ಕೆಮ್ಮು ಶುರುವಾಗುವುದು ಅಲ್ಲಿಂದಲೇ. ನೆಲಕ್ಕೆ ನಾಲ್ಕಿಂಚು ಭತ್ತದ ಹೊಟ್ಟು. ವಾರಕ್ಕೊಮ್ಮೆ ಕೆದಕಿ, ತೇವ ಕಂಡಲ್ಲಿ ಸುಣ್ಣದ ಪುಡಿ ಎರಚುತ್ತೇನೆ. ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉದುರಬೇಕು, ಉಂಡೆ ಕಟ್ಟಿದರೆ ಬದಲಿಸಲೇಬೇಕು.

ಇನ್ನು ಕಳ್ಳರ ವಿಷಯ. ಹಗಲು ಮುಂಗುಸಿ, ಗಿಡುಗ. ರಾತ್ರಿ ಕಬ್ಬೆಕ್ಕು, ಹಾವು, ಹೆಗ್ಗಣ. ಉರುಳು, ವಿಷ ಯಾವುದೂ ಇಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅಲ್ಲದೆ ತೋಟದಲ್ಲಿ ಇಲಿ ಹಿಡಿಯುವುದೂ ಇದೇ ಹಾವು, ಮುಂಗುಸಿಗಳು. ಒಳಗೆ ಬರದಂತೆ ಕಟ್ಟುವುದೊಂದೇ ದಾರಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಆರುಮೂಲೆ ಕಣ್ಣಿನ ಕೋಳಿ ಮೆಶ್ ಕೋಳಿಯನ್ನು ಒಳಗೆ ಇಡುತ್ತದೆ, ಕಬ್ಬೆಕ್ಕನ್ನು ಹೊರಗೆ ಇಡುವುದಿಲ್ಲ. ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ಒಂದಿಂಚಿನ ಕಣ್ಣಲ್ಲಿ ಸಣ್ಣ ಹಾವು ನುಸುಳಿ, ಮರಿ ನುಂಗಿದ ಮೇಲೆ ಹೊಟ್ಟೆ ಊದಿ ಅದೇ ಕಣ್ಣಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಕೋಣೆಗೆ ಪೂರ್ತಿ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿದೆ, ಕಿರುಬಾಗಿಲಿಗೂ ಅದೇ. ಅಂಗಳಕ್ಕೆ ಕೆಳಗಿನ ಮೂರಡಿ ಅರ್ಧ ಇಂಚು, ಅದರ ಮೇಲೆ ಮತ್ತು ತಲೆ ಮೇಲೆ ಒಂದಿಂಚಿನ ವೆಲ್ಡ್ ಮೆಶ್. ಕತ್ತಲಾದ ಮೇಲೆ ಹೇಗೂ ಕೋಳಿಗಳು ಅಂಗಳದಲ್ಲಿ ಇರುವುದಿಲ್ಲ.

ಅಡಿಪಾಯಕ್ಕೆ ಎರಡು ವರಸೆ ಜಂಬಿಟ್ಟಿಗೆ. ಅಂಗಳದ ಸುತ್ತ ಮೆಶ್ಶನ್ನು ನೆಲದ ಬುಡದಲ್ಲಿ ಹೊರಕ್ಕೆ ಮಡಚಿ, ಒಂದೂವರೆ ಅಡಿ ಅಗಲಕ್ಕೆ ಹಾಸಿ, ಮೇಲೆ ಮಣ್ಣು, ಕಲ್ಲು ಹೇರಿದೆ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ. ಕಾಲಡಿಗೆ ತಂತಿ ಸಿಕ್ಕರೆ ಎರಡು ಹೆಜ್ಜೆ ಹಿಂದೆ ಹೋಗಿ ತೋಡುವ ಬುದ್ಧಿ ಅದಕ್ಕೆ ಹೊಳೆಯುವುದು ಕಡಿಮೆ. ಈಗ ಅಲ್ಲಿ ಹುಲ್ಲು ಬೆಳೆದು ಮೆಶ್ ಕಾಣುವುದೇ ಇಲ್ಲ.

ಕಂಬಕ್ಕೆ ಹಳೇ ಜಿಐ ಪೈಪು. ಅಡಿಕೆ ಮರ ಬಿಟ್ಟಿಯಾಗಿ ಸಿಗುತ್ತದೆ ನಿಜ, ಆದರೆ ಮಣ್ಣಲ್ಲಿ ಹೂತರೆ ಗೆದ್ದಲಿಗೆ ಊಟ. ಅಡಿಕೆ ದಬ್ಬೆಯನ್ನು (ಮರ ಸೀಳಿದ ಪಟ್ಟಿಯನ್ನು) ನೆಲ ಮುಟ್ಟದ ಕಡೆ ಬಳಸಿದೆ. ಅದರಲ್ಲೂ ಒಡ್ಡಿ-ಒಡ್ಡಿ ನಡುವಿನ ಅಡ್ಡಗೋಡೆಗೆ ಕೆಳಗಿನ ಎರಡಡಿ ದಬ್ಬೆ ಒತ್ತೊತ್ತಾಗಿ ಬಡಿಸಲೇಬೇಕು. ಬರೀ ಮೆಶ್ ಇದ್ದರೆ ಆಚೀಚೆಯ ಹುಂಜಗಳು ದಿನವಿಡೀ ತಂತಿಯ ಮೂಲಕವೇ ಕಾದಾಡಿ ಜುಟ್ಟು ಹರಿದುಕೊಳ್ಳುತ್ತವೆ, ಹೇಂಟೆಗಳ ಕಡೆ ನೋಡುವುದೇ ಇಲ್ಲ. ಮುಖ ಕಾಣದಿದ್ದರೆ ಕೂಗಿನಲ್ಲೇ ಜಗಳ ಮುಗಿಯುತ್ತದೆ.

ಬಾಗಿಲಿಗೆ ಬರೀ ಕೊಕ್ಕೆ ಸಾಲದು. ಮೇಲೊಂದು, ಕೆಳಗೊಂದು ಚಿಲಕ ಇಟ್ಟರೆ ಮೂಲೆ ಎತ್ತಿ ಸಂದಿ ಮಾಡಲು ಆಗುವುದಿಲ್ಲ. ಹೊಸ್ತಿಲು ಮುಕ್ಕಾಲು ಅಡಿ ಎತ್ತರ, ಇಲ್ಲವಾದರೆ ಕೋಳಿ ಕೆದಕಿದ ಹೊಟ್ಟೆಲ್ಲ ಹೊರಗೆ. ಒಳಗೆ ಎರಡಡಿ ಎತ್ತರಕ್ಕೆ ಎರಡಿಂಚು ಅಗಲದ, ಅಂಚು ಸವರಿದ ರೀಪು, ರಾತ್ರಿ ಕೂರಲು. ಒಡ್ಡಿಗೆ ಎರಡರಂತೆ ಮೊಟ್ಟೆ ಬುಟ್ಟಿ, ಕತ್ತಲ ಮೂಲೆಯಲ್ಲಿ. ಹಳೇ ಟೈರಿನಲ್ಲಿ ಒಣಮಣ್ಣು, ಒಲೆ ಬೂದಿ ತುಂಬಿ ಸೂರಿನಡಿ ಇಟ್ಟರೆ ಕೋಳಿಗಳು ಹೊರಳಿ ಹೊರಳಿ ಹೇನು ಕೊಡವಿಕೊಳ್ಳುತ್ತವೆ. ಹೇನು ಹತ್ತಿದ ಹೇಂಟೆ ಕಾವು ಬಿಟ್ಟು ಏಳುತ್ತದೆ, ಇದನ್ನು ಉದಾಸೀನ ಮಾಡಬೇಡಿ.

ಕಟ್ಟಿದ ಮೇಲೆ ತಳಿಯ ಕೆಲಸ. ಹೊರಗೆ ಓಡಾಡಿದ ಹೇಂಟೆಯನ್ನು ಒಡ್ಡಿಗೆ ಹಾಕಿದ ಮರುದಿನವೇ ಮೊಟ್ಟೆ ಕೂಡಿಡುವ ಹಾಗಿಲ್ಲ. ಹಳೇ ಹುಂಜದ ಬೀಜ ಅದರ ಹೊಟ್ಟೆಯಲ್ಲಿ ಎರಡು ವಾರದ ಮೇಲೂ ಉಳಿದಿರುತ್ತದೆ. ಮೊದಲ ಮೂರು ವಾರದ ಮೊಟ್ಟೆ ಅಡಿಗೆಮನೆಗೆ, ಆಮೇಲಿನದ್ದು ಮಾತ್ರ ಕಾವಿಗೆ. ತೊಳೆಯದೆ, ಚೂಪು ತುದಿ ಕೆಳಗೆ ಮಾಡಿ, ವಾರದೊಳಗಿನ ಹತ್ತು ಹನ್ನೆರಡು ಮೊಟ್ಟೆ ಇಡುತ್ತೇನೆ. ಬುಟ್ಟಿಗೆ ಇದ್ದಿಲ ಚೂರು, ಕಬ್ಬಿಣದ ಮೊಳೆ ಹಾಕುವುದು ಅತ್ತೆಯ ಇಲಾಖೆ. ಗುಡುಗಿಗೆ ಮೊಟ್ಟೆ ಕೆಡಬಾರದಂತೆ. ಇಪ್ಪತ್ತೊಂದನೇ ದಿನ ಮರಿ ಹೊರಬಂದಾಗ ಮೊಳೆಗೂ ಪಾಲು ಕೊಡುತ್ತಾರೆ, ನಾನು ತಕರಾರು ತೆಗೆಯುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಕಾವಿಗೆ ಕೂರಿಸುವುದಿಲ್ಲ, ದೀಪಾವಳಿ ಆಸುಪಾಸಿನಿಂದ ಶುರು. ಮರಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಹನಿ ಲಸಿಕೆ.

ಮೂರೇ ಒಡ್ಡಿ ಯಾಕೆ ಅಂದರೆ, ಒಳಸಂಬಂಧ ತಪ್ಪಿಸಲು. ಪ್ರತಿ ಒಡ್ಡಿಯ ಮರಿಗೆ ಒಂದೊಂದು ಬಣ್ಣದ ಕಾಲುಂಗುರ: ಕೆಂಪು, ಹಳದಿ, ನೀಲಿ. ಹೇಂಟೆ ಮರಿಗಳು ಹುಟ್ಟಿದ ಒಡ್ಡಿಯಲ್ಲೇ ಉಳಿಯುತ್ತವೆ. ಆರಿಸಿದ ಹುಂಜ ಮರಿ ಮಾತ್ರ ವರ್ಷಕ್ಕೊಮ್ಮೆ ಪಕ್ಕದ ಒಡ್ಡಿಗೆ ಅಳಿಯನಾಗಿ ಹೋಗುತ್ತದೆ: ಕೆಂಪಿನದ್ದು ಹಳದಿಗೆ, ಹಳದಿಯದ್ದು ನೀಲಿಗೆ, ನೀಲಿಯದ್ದು ಕೆಂಪಿಗೆ. ಹೀಗೆ ಮಾಡಿದರೆ ಹೊರಗಿಂದ ಹುಂಜ ತರದೆ ವರ್ಷಗಟ್ಟಲೆ ನಡೆಸಬಹುದು. ಆರಿಸುವಾಗ ನಾನು ಬಣ್ಣ ನೋಡುವುದಿಲ್ಲ. ನೇರ ಕಾಲು, ಅಗಲ ಎದೆ, ಮತ್ತು ತಾಯಿ ಎಷ್ಟು ಮರಿ ದಕ್ಕಿಸಿಕೊಂಡಿತ್ತು ಅನ್ನುವುದು. ಕೊನೆಯದಕ್ಕೆ ಒಂದು ನೋಟ್‌ಬುಕ್ ಒಡ್ಡಿಯ ಬಾಗಿಲಲ್ಲೇ ನೇತಾಡುತ್ತಿದೆ. ಮಿಕ್ಕ ಹುಂಜಗಳಿಗೆ ಗಿರಾಕಿ ಹುಡುಕಬೇಕಿಲ್ಲ, ಹರಕೆಗೆ ಕೇಳಿಕೊಂಡು ಮನೆಗೇ ಬರುತ್ತಾರೆ.