ಬಿಯರ್ ಕಾಯಿಸುವ ಭಾರದ ಸ್ಟ್ಯಾಂಡಿಗೆ ಗಾಲಿ ಆರಿಸುವ ಬಗೆ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರಲ್ಲಿ ಅನೇಕರು ಮೂರು ಹಂಡೆಗಳನ್ನು ಒಂದೇ ಸಾಲಿನಲ್ಲಿ ಕೂರಿಸುವ ಕಬ್ಬಿಣದ ಸ್ಟ್ಯಾಂಡನ್ನು ತಾವೇ ವೆಲ್ಡ್ ಮಾಡಿಕೊಳ್ಳುತ್ತಾರೆ. ಸ್ಟ್ಯಾಂಡು ಇರುವುದು ಗ್ಯಾರೇಜಿನಲ್ಲಿ. ಆದರೆ ಪ್ರೊಪೇನ್ ಬರ್ನರನ್ನು ಒಳಗೇ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವಕ್ಕೇ ಅಪಾಯವಾಗುವುದರಿಂದ, ಪ್ರತಿ ಸಲವೂ ಅದನ್ನು ಹೊರಗಿನ ಡ್ರೈವ್‌ವೇಗೆ ತಳ್ಳಿಕೊಂಡು ಹೋಗಬೇಕು. ಸ್ಟ್ಯಾಂಡು ಉರುಳುವುದು ಬರಿದಾಗಿರುವಾಗ ಐದು ನಿಮಿಷ. ಕಾದ ಹಂಡೆಗಳನ್ನು ಹೊತ್ತು ನಿಲ್ಲುವುದು ಐದಾರು ಗಂಟೆ. ಆದ್ದರಿಂದ ಗಾಲಿ ಎಷ್ಟು ಸಲೀಸಾಗಿ ಉರುಳುತ್ತದೆ ಎಂಬುದಕ್ಕಿಂತ ಎಷ್ಟು ಭದ್ರವಾಗಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಭಾರದ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಿ. ನನ್ನ ಸ್ಟ್ಯಾಂಡಿನ ಚೌಕಟ್ಟು ಸುಮಾರು 60 ಕೆ.ಜಿ.; 15.5 ಗ್ಯಾಲನ್ನಿನ ಕೆಗ್ (ಬಿಯರ್ ತುಂಬುವ ಉಕ್ಕಿನ ಪೀಪಾಯಿ) ಕತ್ತರಿಸಿ ಮಾಡಿದ ಮೂರು ಹಂಡೆಗಳು 40 ಕೆ.ಜಿ.; ಬರ್ನರ್, ಪಂಪು, ಕೊಳವೆಗಳು 15 ಕೆ.ಜಿ. ನೀರಿನ ಹಂಡೆಯಲ್ಲಿ 40 ಲೀಟರ್, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ನೆನೆಯುವ ಹಂಡೆಯಲ್ಲಿ 30 ಲೀಟರ್ ನೀರು ಮತ್ತು 10 ಕೆ.ಜಿ. ಮಾಲ್ಟ್, ಕುದಿಸುವ ಹಂಡೆಯಲ್ಲಿ 45 ಲೀಟರ್ ಎಂದು ಹಿಡಿದರೆ ಒಟ್ಟು 240 ಕೆ.ಜಿ. ಆಗುತ್ತದೆ. ಇದನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಬೇಕು. ಏಕೆಂದರೆ ಕಾಂಕ್ರೀಟ್ ನೆಲವೂ ಕೈಯಲ್ಲಿ ವೆಲ್ಡ್ ಮಾಡಿದ ಚೌಕಟ್ಟೂ ಪೂರ್ತಿ ಸಮತಟ್ಟಾಗಿರುವುದಿಲ್ಲ, ಒಂದು ಗಾಲಿ ಯಾವಾಗಲೂ ಅಷ್ಟಿಷ್ಟು ಹಗುರವಾಗಿಯೇ ಇರುತ್ತದೆ. ಬಂದ 80 ಕೆ.ಜಿ.ಗೆ ಅದರ ಅರ್ಧವನ್ನು ಸೇರಿಸಿ, ಗಾಲಿಯೊಂದಕ್ಕೆ 120 ಕೆ.ಜಿ. ತಡೆಯುವಂಥದ್ದನ್ನೇ ಕೊಳ್ಳಿ.

ವ್ಯಾಸದ ವಿಷಯದಲ್ಲಿ ನಾನು ಮೊದಲು ತಪ್ಪಿದೆ. ಅಗ್ಗವೆಂದು 3 ಇಂಚಿನ ಗಾಲಿ ಹಾಕಿಸಿ, ಪರೀಕ್ಷೆಗೆಂದು ಒಂದು ಹಂಡೆಯಲ್ಲಿ ತಣ್ಣೀರು ತುಂಬಿ ತಳ್ಳಿದಾಗ, ಗ್ಯಾರೇಜಿನ ನೆಲ ಮುಗಿದು ಡ್ರೈವ್‌ವೇ ಶುರುವಾಗುವ ಸಂದಿನಲ್ಲಿ ಮುಂದಿನ ಗಾಲಿ ಕಚ್ಚಿಕೊಂಡು ನಿಂತಿತು. ಮೇಲಿನ ಹಂಡೆ ಮಾತ್ರ ನಿಲ್ಲಲಿಲ್ಲ, ಒಂದು ಗೇಣು ಜಾರಿ ನೀರು ನನ್ನ ಮೊಣಕಾಲಿನವರೆಗೆ ಚೆಲ್ಲಿತು. ಅದು ಬಿಸಿನೀರಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. 5 ಇಂಚಿಗಿಂತ ಚಿಕ್ಕ ಗಾಲಿ ಬೇಡ. ಅಂಥ ಗಾಲಿ ಸ್ಟ್ಯಾಂಡನ್ನು ಸುಮಾರು ಆರೂವರೆ ಇಂಚು ಎತ್ತರಿಸುತ್ತದೆ; ಅಷ್ಟನ್ನು ಕಾಲಿನ ಉದ್ದದಲ್ಲಿ ಮೊದಲೇ ಕಳೆಯದಿದ್ದರೆ ಹಂಡೆಯ ಬಾಯಿ ಎದೆಮಟ್ಟಕ್ಕೆ ಬಂದು, ಕಲಕುವಾಗ ಕುದಿಯುವ ದ್ರವ ಮೈಮೇಲೆ ಬೀಳುವ ಭಯವಿರುತ್ತದೆ.

ಗಾಲಿಯ ವಸ್ತುವಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಾಳಿ ತುಂಬಿದ ಗಾಲಿ ಅದುರುತ್ತದೆ, ಸೋರುತ್ತದೆ. ಮೃದು ರಬ್ಬರು ವಾರಗಟ್ಟಲೆ ಭಾರ ಹೊತ್ತು ನಿಂತರೆ ಒಂದು ಕಡೆ ಚಪ್ಪಟೆಯಾಗುತ್ತದೆ. ಫಿನಾಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಗಾಲಿ ಶಾಖವನ್ನು ಚೆನ್ನಾಗಿ ತಡೆದರೂ ಸದಾ ನೀರು ಚೆಲ್ಲುವ ಜಾಗದಲ್ಲಿ ತೇವ ಹೀರಿ ಹಾಳಾಗಬಹುದು. ಬರೀ ಕಬ್ಬಿಣದ ಗಾಲಿ ನೆಲವನ್ನು ಕೆತ್ತುತ್ತದೆ. ಎರಕದ ಕಬ್ಬಿಣದ ನಡುವಿಗೆ ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಹೊದಿಸಿದ ಗಾಲಿಯೇ ಈ ಕೆಲಸಕ್ಕೆ ಸರಿ. ಪಾಲಿಯುರೆಥೇನ್ ತೀವ್ರ ಶಾಖವನ್ನು ತಾಳುವುದಿಲ್ಲವಾದ್ದರಿಂದ, ಬರ್ನರ್ ನೆಲಕ್ಕೆ ಹತ್ತಿರವಿದ್ದರೆ ಅದರ ಕೆಳಗೊಂದು ತಗಡನ್ನು ಅಡ್ಡ ಕಟ್ಟಿ.

ಬ್ರೇಕಿಗೆ ಹಣ ಉಳಿಸಬೇಡಿ. ನೀರು ಹರಿದುಹೋಗಲೆಂದು ಗ್ಯಾರೇಜಿನ ನೆಲವನ್ನು ಬಾಗಿಲ ಕಡೆಗೆ ತುಸು ಇಳಿಜಾರಾಗಿಯೇ ಹಾಕಿರುತ್ತಾರೆ, ಡ್ರೈವ್‌ವೇ ಇನ್ನೂ ಇಳಿಜಾರು. ಬರೀ ಚಕ್ರವನ್ನು ಹಿಡಿಯುವ ಬ್ರೇಕು ಇದ್ದರೆ ಗಾಲಿ ಉರುಳುವುದಿಲ್ಲ ನಿಜ, ಆದರೆ ತನ್ನ ಕೀಲಿನ ಮೇಲೆ ತಿರುಗುತ್ತದೆ, ಸ್ಟ್ಯಾಂಡು ಅಲುಗುತ್ತದೆ. ಚಕ್ರ ಮತ್ತು ಕೀಲು ಎರಡನ್ನೂ ಒಟ್ಟಿಗೆ ಬಿಗಿಯುವ ಬ್ರೇಕಿನ ತಿರುಗು ಗಾಲಿಗಳನ್ನು ನಾಲ್ಕು ಕಾಲಿಗೂ ಹಾಕಿಸುವುದು ನನಗೆ ಹಿಡಿಸಿದ ವ್ಯವಸ್ಥೆ. ಇಲ್ಲಿ ಒಂದು ಸೂಕ್ಷ್ಮವಿದೆ: ತಿರುಗು ಗಾಲಿ ನೆಲಕ್ಕೆ ತಾಗುವ ಜಾಗ ಕಾಲಿನ ನೇರಕ್ಕಿರದೆ ಮೂರು ನಾಲ್ಕು ಸೆಂಟಿಮೀಟರ್ ಪಕ್ಕಕ್ಕಿರುತ್ತದೆ. ಸ್ಟ್ಯಾಂಡಿನ ಅಗಲ ಕಡಿಮೆಯಿದ್ದು ಗಾಲಿಗಳು ಒಳಕ್ಕೆ ತಿರುಗಿ ನಿಂತರೆ ಅದರ ಪಾದವೇ ಕಿರಿದಾಗುತ್ತದೆ. ಹಂಡೆ ತುಂಬುವ ಮೊದಲು ಗಾಲಿಗಳನ್ನು ಹೊರಮುಖವಾಗಿ ತಿರುಗಿಸಿ ಬ್ರೇಕು ಒತ್ತಿ.

ಜೋಡಣೆಗೆ ಕಡ್ಡಿಯಂಥ ಸ್ಟೆಮ್ಮಿಗಿಂತ ನಾಲ್ಕು ಬೋಲ್ಟಿನ ಪ್ಲೇಟೇ ಮೇಲು. ಗಾಲಿಯ ಪ್ಲೇಟನ್ನು ಕಾಲಿಗೆ ನೇರವಾಗಿ ವೆಲ್ಡ್ ಮಾಡಬೇಡಿ: ಅದರ ಸತುವಿನ ಲೇಪ ಸುಟ್ಟು ಬರುವ ಹೊಗೆ ಸೇವಿಸಿದರೆ ಜ್ವರ ಬರುತ್ತದೆ, ಬೇರಿಂಗಿನ ಗ್ರೀಸೂ ಕರಗಿಹೋಗುತ್ತದೆ. ಲೇಪವಿಲ್ಲದ ಉಕ್ಕಿನ ತುಂಡೊಂದನ್ನು ಕಾಲಿನ ತುದಿಗೆ ವೆಲ್ಡ್ ಮಾಡಿ, ಗಾಲಿಯನ್ನು ಅದಕ್ಕೆ 3/8 ಇಂಚಿನ ಬೋಲ್ಟುಗಳಿಂದ ಬಿಗಿದರೆ ಮುಂದೆ ಬದಲಾಯಿಸುವುದೂ ಸುಲಭ. ಕುಂಟುವ ಕಾಲಿನಲ್ಲಿ ಆ ಉಕ್ಕಿನ ತುಂಡು ಮತ್ತು ಗಾಲಿಯ ಪ್ಲೇಟಿನ ನಡುವೆ ವಾಷರ್ ಸೇರಿಸಿ ಸರಿಪಡಿಸಬಹುದು.

ಎಲ್ಲವೂ ಕೂತ ಮೇಲೆ ಮೂರೂ ಹಂಡೆಗಳಿಗೆ ತಣ್ಣೀರು ತುಂಬಿ, ಬ್ರೇಕು ಒತ್ತಿ, ಸ್ಟ್ಯಾಂಡನ್ನು ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಗ್ಗೆ ಉದ್ದದ ಬದಿಗೆ ಭುಜ ಕೊಟ್ಟು ಮೆಲ್ಲನೆ ತಳ್ಳಿ ನೋಡಿ. ಗಾಲಿ ಕದಲದೆ ನೀರಷ್ಟೇ ತುಳುಕಿದರೆ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು ಒಲೆ ಹಚ್ಚಬಹುದು.