ಮುಂದೇನು ಅಂತ ಗೊತ್ತಿಲ್ಲದಾಗ ತಂಡ ನಡೆಸುವುದು ಹೇಗೆ?

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಒಂದು ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಅನಿಶ್ಚಿತ ಕಾಲ ಅಂದರೆ ಹೀಗಿರುತ್ತದೆ: ಹಣ ಹಾಕಿದವರು ಫೋನ್ ಎತ್ತುವುದಿಲ್ಲ, ದೊಡ್ಡ ಗ್ರಾಹಕರು ಸಹಿ ಹಾಕುವುದನ್ನು ಮುಂದೂಡುತ್ತಲೇ ಇರುತ್ತಾರೆ, ಮೇಲಿನವರು "ಸ್ವಲ್ಪ ಕಾಯಿರಿ" ಅನ್ನುತ್ತಾರೆ. ಅಂಥ ಹೊತ್ತಲ್ಲಿ "ಧೈರ್ಯವಾಗಿರಿ, ಗುರಿ ಬಿಡಬೇಡಿ" ಅನ್ನುವ ಸಲಹೆ ನನಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ಧೈರ್ಯ ಒಂದು ದಿನ ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಅದು ಇಲ್ಲದ ದಿನವೂ ಮಾಡಬಹುದಾದ ಕೆಲವು ಕೆಲಸಗಳನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಉದ್ದೇಶವನ್ನೂ ಪ್ಲಾನನ್ನೂ ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಬರೆಯಿರಿ. "ಮುಂದಿನ ವರ್ಷದೊಳಗೆ ಇಷ್ಟು ಆಸ್ಪತ್ರೆಗಳಿಗೆ ಮಾರಬೇಕು" ಅನ್ನುವುದು ಪ್ಲಾನ್. "ರಾತ್ರಿ ಪಾಳಿಯ ನರ್ಸ್ ಯಾವ ರೋಗಿಗೆ ಯಾವ ಔಷಧಿ ಕೊಡಬೇಕು ಅಂತ ಕಡತಗಳಲ್ಲಿ ಹುಡುಕುತ್ತಾ ಕೂರಬಾರದು" ಅನ್ನುವುದು ಉದ್ದೇಶ. ಮೊದಲನೆಯದು ನಾಳೆಯೇ ಬದಲಾಗಬಹುದು. ಎರಡನೆಯದು ಹಾಗೆಲ್ಲ ಬದಲಾಗುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡಿರುವ ನಾಯಕರೇ ಜಾಸ್ತಿ. ಹಾಗಾಗಿ ಪ್ಲಾನ್ ಮುರಿದ ದಿನ ಅವರಿಗೆ ಎಲ್ಲವೂ ಮುಗಿದಂತೆ ಕಾಣುತ್ತದೆ. ಇಲ್ಲವೇ ಸತ್ತ ಪ್ಲಾನನ್ನೇ ಹಿಡಿದುಕೊಂಡು ಅದನ್ನು ಛಲ ಅನ್ನುತ್ತಾರೆ.

ಬ್ರಿಟಿಷ್ ಧ್ರುವ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ 1914ರಲ್ಲಿ ಹೊರಟದ್ದು ಅಂಟಾರ್ಕ್ಟಿಕಾವನ್ನು ಈ ತುದಿಯಿಂದ ಆ ತುದಿಗೆ ದಾಟಲು. 1915ರ ಜನವರಿಯಲ್ಲಿ ಅವರ ಹಡಗು 'ಎಂಡ್ಯೂರೆನ್ಸ್' ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು, ನವೆಂಬರ್‌ನಲ್ಲಿ ಮುಳುಗಿಯೇ ಹೋಯಿತು. ಖಂಡ ದಾಟುವ ಮಾತು ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಇದ್ದದ್ದು ಒಂದೇ ಕೆಲಸ: ಜೊತೆಗಿದ್ದವರನ್ನೆಲ್ಲ ಜೀವಂತವಾಗಿ ಮನೆಗೆ ಕರೆದೊಯ್ಯುವುದು. ಭಾರ ಇಳಿಸಲು ಎಲ್ಲರ ಸ್ವಂತ ಸಾಮಾನು ಬಿಸಾಡಿಸಿದರು, ಚಿನ್ನದ ನಾಣ್ಯ ಕೂಡ ಮಂಜಿನ ಮೇಲೆ ಬಿತ್ತು. ಆದರೆ ಒಬ್ಬನ ಬ್ಯಾಂಜೋ ವಾದ್ಯವನ್ನು ಮಾತ್ರ ಬಿಡಲಿಲ್ಲ, ಅದು ಜನರ ಮನಸ್ಸಿಗೆ ಬೇಕು ಅಂದರು. ಚಿನ್ನ ಬೇಡ, ಬ್ಯಾಂಜೋ ಬೇಕು. ಉದ್ದೇಶ ಸ್ಪಷ್ಟವಾಗಿದ್ದರೆ ಹೀಗೆ ಆರಿಸುವುದಕ್ಕೆ ಬರುತ್ತದೆ. ಹಡಗಿನಲ್ಲಿದ್ದ 28 ಜನರೂ 1916ರಲ್ಲಿ ಬದುಕಿ ಬಂದರು. (ಈ ಕತೆ ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ: ಖಂಡದ ಇನ್ನೊಂದು ಬದಿಯಲ್ಲಿ ಅದೇ ಯಾತ್ರೆಗಾಗಿ ಆಹಾರ ಸಂಗ್ರಹಿಸಿಡಲು ಹೋದ ತಂಡದಲ್ಲಿ ಮೂವರು ಸತ್ತರು. ಆ ಕಡೆಯವರ ಜೊತೆ ಶ್ಯಾಕಲ್ಟನ್‌ಗೆ ಸಂಪರ್ಕವೇ ಇರಲಿಲ್ಲ. ಕಣ್ಣಿಗೆ ಬೀಳದ ತಂಡವನ್ನು ನೀವೂ ಒಮ್ಮೆ ನೆನೆಸಿಕೊಳ್ಳಿ.)

ಆ ಸಾಲು ಏನನ್ನಾದರೂ ಬೇಡ ಅನ್ನುತ್ತದೆಯೇ?

ಉದ್ದೇಶದ ಸಾಲು ಬರೆದ ಮೇಲೆ ಪರೀಕ್ಷೆ ಮಾಡಿ. ಅದನ್ನು ಓದಿದರೆ ಕೈಬಿಡಬೇಕಾದ ಕೆಲಸ ಒಂದಾದರೂ ಕಾಣಬೇಕು. "ಗ್ರಾಹಕರಿಗೆ ಉತ್ತಮ ಸೇವೆ" ಅಂತ ಬರೆದರೆ ಏನೂ ಕಾಣುವುದಿಲ್ಲ, ಅದು ಗೋಡೆಗೆ ಮಾತ್ರ ಚೆಂದ. ನರ್ಸ್‌ನ ಸಾಲು ಹಾಗಲ್ಲ. ಆಡಳಿತ ಮಂಡಳಿಗೆ ತೋರಿಸಲು ಬಣ್ಣಬಣ್ಣದ ವರದಿಗಳನ್ನು ಮಾಡಿಕೊಡಿ, ಹಣ ಬೇಗ ಬರುತ್ತದೆ ಅಂತ ನಮಗೆ ಒಬ್ಬರು ಹೇಳಿದರು. ಆ ಸಾಲು ಇಟ್ಟುಕೊಂಡು ನೋಡಿದರೆ ಉತ್ತರಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಈ ಪರೀಕ್ಷೆಯನ್ನು ಕಷ್ಟ ಬರುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲಿ 1943ರಲ್ಲಿ ಬರೆದಿಟ್ಟ ಒಂದು ಪುಟವಿತ್ತು. ನಮ್ಮ ಮೊದಲ ಹೊಣೆ ನಮ್ಮ ವಸ್ತು ಬಳಸುವವರಿಗೆ, ಷೇರುದಾರರು ಕೊನೆಗೆ ಅಂತ ಅದರ ಸಾರ. 1970ರ ದಶಕದಲ್ಲಿ ಆ ಕಂಪನಿಯ ಉನ್ನತ ಅಧಿಕಾರಿ ಜೇಮ್ಸ್ ಬರ್ಕ್ ಮ್ಯಾನೇಜರ್‌ಗಳನ್ನು ಕೂರಿಸಿ, ಇದನ್ನು ನಂಬುತ್ತೀರಾ, ಇಲ್ಲದಿದ್ದರೆ ಗೋಡೆಯಿಂದ ತೆಗೆದುಬಿಡೋಣ ಅಂತ ವಾದ ಮಾಡಿಸಿದರು. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ವಿಷ ಬೆರೆಸಿದ್ದ, ಅದೇ ಕಂಪನಿಯ ನೋವಿನ ಔಷಧಿ ಟೈಲೆನಾಲ್‌ನ ಕ್ಯಾಪ್ಸೂಲ್ ನುಂಗಿ 7 ಜನ ಸತ್ತರು. ತಪ್ಪು ಯಾರದು ಅಂತ ತಿಳಿಯುವ ಮೊದಲೇ ಕಂಪನಿ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿತು. ಆ ವಾದ ಮೊದಲೇ ಮುಗಿದಿತ್ತು, ಅದಕ್ಕೇ ಕೆಲಸ ನಡೆಯಿತು ಅನ್ನುವುದು ನನ್ನ ಲೆಕ್ಕ.

ಸೋಮವಾರದ ಹಾಳೆ

ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇದು. ಪ್ರತಿ ಸೋಮವಾರ ತಂಡಕ್ಕೆ ಮೂರು ಕಾಲಮ್ಮಿನ ಒಂದು ಹಾಳೆ ಕಳಿಸುತ್ತೇನೆ: ನಮಗೆ ಗೊತ್ತಿರುವುದು, ಗೊತ್ತಿಲ್ಲದ್ದು, ಯಾವಾಗ ಗೊತ್ತಾಗುತ್ತದೆ ಅನ್ನುವುದು. ಉದಾಹರಣೆಗೆ, ಈ ತಿಂಗಳ ಸಂಬಳಕ್ಕೆ ಹಣ ಇದೆ, ಇದು ಗೊತ್ತಿದೆ. ಒಪ್ಪಂದ ಮುಂದುವರಿಯುತ್ತದೆಯೇ ಗೊತ್ತಿಲ್ಲ. ಹದಿನೈದನೇ ತಾರೀಖು ಅವರ ಸಭೆ ಇದೆ, ಹದಿನಾರಕ್ಕೆ ನಾನೇ ಬಂದು ಹೇಳುತ್ತೇನೆ.

ಮೂರನೆಯ ಕಾಲಮ್ಮೇ ಮುಖ್ಯ. ಜನ ಕೆಟ್ಟ ಸುದ್ದಿಯನ್ನು ತಡೆದುಕೊಳ್ಳುತ್ತಾರೆ, ಸುದ್ದಿ ಎಂದು ಬರುತ್ತದೆ ಅಂತ ಗೊತ್ತಿಲ್ಲದೆ ಕಾಯುವುದನ್ನು ತಡೆದುಕೊಳ್ಳುವುದಿಲ್ಲ. ಹದಿನಾರಕ್ಕೆ ಏನೂ ತಿಳಿಯದೇ ಹೋದರೂ ಹೋಗಿ "ಇನ್ನೂ ತಿಳಿದಿಲ್ಲ" ಅನ್ನಲೇಬೇಕು. ಆ ದಿನ ತಪ್ಪಿಸಿಕೊಂಡರೆ ಹಾಳೆಯನ್ನು ಯಾರೂ ನಂಬುವುದಿಲ್ಲ. ಹೊಸದೇನೂ ಇಲ್ಲದ ವಾರ ಕೂಡ ಕಳಿಸಿ. ಉದ್ದೇಶದ ಸಾಲು ಹಾಳೆಯ ತಲೆಯಲ್ಲೇ ಇರಲಿ, ಅದರ ಬಗ್ಗೆ ಭಾಷಣ ಬೇಡ.

ನಿಲ್ಲಿಸುವ ಗೆರೆ ಮೊದಲೇ ಎಳೆಯಿರಿ

ಯಾವ ಪರಿಸ್ಥಿತಿ ಬಂದರೆ ಈಗಿನ ದಾರಿ ಬಿಡುತ್ತೇವೆ ಅಂತ ತಲೆ ತಣ್ಣಗಿರುವಾಗಲೇ ಬರೆದಿಡಿ. "ಇಂಥ ದಿನದೊಳಗೆ ಒಂದು ಆಸ್ಪತ್ರೆಯಾದರೂ ಹಣ ಕೊಟ್ಟು ಬಳಸದಿದ್ದರೆ ಈ ಭಾಗ ಮುಚ್ಚುತ್ತೇವೆ." ಹೀಗೆ ಬರೆದರೆ ಪ್ರತಿ ಕೆಟ್ಟ ದಿನವೂ ಬಿಡೋಣವಾ ಬೇಡವಾ ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಹೊಣೆ ಯಾರದು ಅನ್ನುವುದನ್ನೂ ಆಗಲೇ ಬರೆಯಿರಿ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸ್‌ನ ನಾರ್ಮಂಡಿ ತೀರದ ಮೇಲೆ ಮಾಡಿದ ದಾಳಿಯ ಮುಂಚಿನ ದಿನ, 1944ರ ಜೂನ್ 5ರಂದು, ಆ ಪಡೆಗಳ ಮುಖ್ಯ ಸೇನಾಪತಿ ಐಸೆನ್‌ಹೋವರ್ ಸೋಲಿನ ಪ್ರಕಟಣೆಯನ್ನೂ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಸೈನಿಕರು ಮಾಡಬೇಕಾದ್ದನ್ನೆಲ್ಲ ಮಾಡಿದರು, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ ಅಂತ. ಗಡಿಬಿಡಿಯಲ್ಲಿ ತಾರೀಖನ್ನು ಜುಲೈ 5 ಅಂತ ಬರೆದಿದ್ದರು. ಅಂಥವರ ಕೈಯೇ ಹಾಗಾದ ಮೇಲೆ ನಮ್ಮ ಕೈ ನಡುಗಿದರೆ ಏನಂತೆ, ಅಲ್ವಾ?

"ನನ್ನ ಕೆಲಸ ಉಳಿಯುತ್ತಾ ಸರ್?"

ಇದನ್ನು ಸಭೆಯಲ್ಲಿ ಕೇಳುವುದಿಲ್ಲ. ಸಭೆ ಮುಗಿದು ಎಲ್ಲ ಎದ್ದು ಹೋದ ಮೇಲೆ ಒಬ್ಬರು ಲ್ಯಾಪ್‌ಟಾಪ್ ಮಡಚುವ ನೆವದಲ್ಲಿ ಹಿಂದೆ ಉಳಿಯುತ್ತಾರೆ, ಆಗ ಕೇಳುತ್ತಾರೆ. "ಚಿಂತೆ ಮಾಡಬೇಡಿ" ಅನ್ನಬೇಡಿ, ಅದು ನಿಮ್ಮ ಕೈಲಿಲ್ಲ. "ಏನೂ ಹೇಳೋಕಾಗಲ್ಲ" ಅಂತಲೂ ಬೇಡ, ಅದು ಪೂರ್ತಿ ನಿಜ ಅಲ್ಲ. ನಾನು ಹೇಳುವುದು ಇಷ್ಟು: "ಈ ಮೂರು ತಿಂಗಳಿಗೆ ಹಣ ಇದೆ. ಆಮೇಲಿನದು ಗೊತ್ತಿಲ್ಲ. ನಿಮ್ಮ ವಿಷಯದಲ್ಲಿ ಏನಾದರೂ ಬದಲಾದರೆ ಬೇರೆಯವರಿಂದ ಅಲ್ಲ, ನನ್ನಿಂದ ಮೊದಲು ಕೇಳುತ್ತೀರಿ." ಕೆಲವರು ಹೋಗಿ ಬೇರೆ ಕೆಲಸ ಹುಡುಕುತ್ತಾರೆ. ಹುಡುಕಲಿ. ಶಿಫಾರಸು ಪತ್ರ ಕೇಳಿದರೆ ಬರೆದುಕೊಡಿ, ಮುಖ ಗಂಟಿಕ್ಕಬೇಡಿ. ಉಳಿದವರು ಅದನ್ನು ನೋಡುತ್ತಿರುತ್ತಾರೆ.

ಇನ್ನು ನಿಮ್ಮ ಸ್ವಂತ ಅಳುಕನ್ನು ಹೇಳಿಕೊಳ್ಳಲು ತಂಡದ ಹೊರಗೆ ಒಬ್ಬರನ್ನು ಇಟ್ಟುಕೊಳ್ಳಿ. ಅದೇ ಹುದ್ದೆಯಲ್ಲಿದ್ದು ಬಂದವರಾದರೆ ಒಳ್ಳೆಯದು. ಅವರು ಸಲಹೆ ಕೊಡಬೇಕು ಅಂತೇನಿಲ್ಲ, ಸುಮ್ನೆ ಕೇಳಿಸಿಕೊಂಡರೂ ಸಾಕು. ಮೇಲಿನವರು ಪ್ಲಾನ್ ಬಿಟ್ಟು ಉದ್ದೇಶವನ್ನೇ ಬದಲಿಸಲು ಹೊರಟರೆ ಮೊದಲು ಫೋನ್ ಮಾಡಬೇಕಾದ್ದೂ ಅವರಿಗೇ. ಉಳಿಯುವುದೋ ಹೊರಡುವುದೋ ಅನ್ನುವುದನ್ನು ಆಮೇಲೆ ತೀರ್ಮಾನಿಸಿ.