ಕೊಳವೆಬಾವಿ ನೀರಿನ ನೈಟ್ರೈಟ್ ಅಳೆಯಲು ಗ್ರ್ಯಾಫೀನ್ ಸೆನ್ಸರ್: ಕಾಲೇಜು ಲ್ಯಾಬಿನಲ್ಲಿ ಮಾಡುವ ಬಗೆ

ಮಂಡ್ಯದ ನಾಲೆ ಬಯಲಿನಲ್ಲಿ ಭತ್ತಕ್ಕೂ ಕಬ್ಬಿಗೂ ಹಾಕುವ ಯೂರಿಯಾದ ಒಂದು ಪಾಲು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಆಮ್ಲಜನಕ ಕಡಿಮೆ ಇರುವ ಕಡೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ನೈಟ್ರೈಟ್ ಕುಗ್ಗಿಸುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 3 ಮಿಲಿಗ್ರಾಂ. ಎಂಎಸ್ಸಿ ಲ್ಯಾಬಿನಲ್ಲಿ ಪೊಟೆನ್ಶಿಯೊಸ್ಟ್ಯಾಟ್ (ಎಲೆಕ್ಟ್ರೋಡಿನ ವೋಲ್ಟೇಜ್ ಹಿಡಿತದಲ್ಲಿಟ್ಟು ಕರೆಂಟ್ ಅಳೆಯುವ ಉಪಕರಣ) ಇದ್ದರೆ ಅದಕ್ಕಿಂತ ಕೆಳಗಿನ ಮಟ್ಟವನ್ನೂ ಅಳೆಯಬಹುದು. ಗ್ರ್ಯಾಫೀನ್ (ಕಾರ್ಬನ್ನಿನ ಅತಿ ತೆಳು ಹಾಳೆ) ಲೇಪಿಸಿದ ಎಲೆಕ್ಟ್ರೋಡ್ ತಯಾರಿ ಅರ್ಧ ದಿನದ ಕೆಲಸ. ಅದು ತೋರಿಸುವ ಅಂಕಿ ನಂಬಲು ಯೋಗ್ಯವಾಗಬೇಕಾದರೆ ಉಳಿದ ಹಂತಗಳಲ್ಲಿ ಹೆಚ್ಚು ಎಚ್ಚರ ಬೇಕು.

ಉಜ್ಜುವುದು: 3 ಮಿ.ಮೀ. ವ್ಯಾಸದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡನ್ನು ಪಾಲಿಶಿಂಗ್ ಬಟ್ಟೆಯ ಮೇಲೆ ಮೊದಲು 0.3, ಆಮೇಲೆ 0.05 ಮೈಕ್ರಾನ್ ಅಲ್ಯೂಮಿನಾದಿಂದ ಉಜ್ಜಿ, ಡಿಸ್ಟಿಲ್ಡ್ ನೀರಲ್ಲಿ ಎರಡು ನಿಮಿಷ ಸೋನಿಕೇಟ್ ಮಾಡಿ (ಅಲ್ಟ್ರಾಸೌಂಡ್ ಅಲೆಗಳಿಂದ ಅಲುಗಿಸಿ). 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 5 ಮಿಲಿಮೋಲಾರ್ ಫೆರಿಸಯನೈಡ್ ಬೆರೆಸಿ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆಯುವುದು) ಓಡಿಸಿ. ಕರೆಂಟ್ ಗೆರೆಯ ಎರಡು ಪೀಕ್‌ಗಳ (ಶಿಖರಗಳ) ಅಂತರ 80 ಮಿಲಿವೋಲ್ಟ್ ಮೀರಿದರೆ ಮತ್ತೆ ಉಜ್ಜಿ. ಈ ಪರೀಕ್ಷೆ ಬಿಟ್ಟವರು ಕೊಳಕು ಮೇಲ್ಮೈ ಮಾಡಿದ ತಪ್ಪನ್ನು ಗ್ರ್ಯಾಫೀನ್ ಮೇಲೆ ಹಾಕುತ್ತಾರೆ.

ಪದರ: ಗ್ರ್ಯಾಫೀನ್ ಆಕ್ಸೈಡನ್ನು ಮಿ.ಲೀ.ಗೆ 1 ಮಿಲಿಗ್ರಾಂನಂತೆ ನೀರಿಗೆ ಹಾಕಿ ಒಂದು ಗಂಟೆ ಸೋನಿಕೇಟ್ ಮಾಡಿ. 5 ಮೈಕ್ರೋಲೀಟರ್ ಹನಿ ಬಿಟ್ಟು, ಮುಚ್ಚಿಟ್ಟು ನಿಧಾನವಾಗಿ ಒಣಗಿಸಿ. ಬಿಸಿಲಿಗಿಟ್ಟರೆ ಸರಕು ಅಂಚಿಗೆ ಸರಿದು ನಡುವೆ ಬರಿದಾಗುತ್ತದೆ. ಹನಿ ಹೆಚ್ಚಾದರೆ ಪದರ ದಪ್ಪವಾಗಿ, ಹಿನ್ನೆಲೆ ಕರೆಂಟ್ ಏರಿ, ಪೀಕ್ ಅದರಲ್ಲಿ ಮುಳುಗುತ್ತದೆ.

ಇನ್ನು ರಿಡಕ್ಷನ್, ಅಂದರೆ ಗ್ರ್ಯಾಫೀನ್ ಆಕ್ಸೈಡಿನ ಆಮ್ಲಜನಕ ಕಳೆದು ಅದನ್ನು ಗ್ರ್ಯಾಫೀನ್‌ನತ್ತ ತರುವುದು. ಪಿಎಚ್ 7ರ ಫಾಸ್ಫೇಟ್ ಬಫರಿಗೆ ಹತ್ತು ನಿಮಿಷ ನೈಟ್ರೋಜನ್ ಊದಿ, 0ಯಿಂದ −1.4 ವೋಲ್ಟ್ ನಡುವೆ, ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ 10 ಸುತ್ತು ಓಡಿಸಿ. ಮೊದಲ ಸುತ್ತಿನ ದೊಡ್ಡ ಪೀಕ್ ಮುಂದಿನ ಸುತ್ತುಗಳಲ್ಲಿ ಮಾಯವಾಗಬೇಕು. ವೋಲ್ಟೇಜನ್ನು ಇನ್ನೂ ಕೆಳಗಿಳಿಸಿದರೆ ಹೈಡ್ರೋಜನ್ ಗುಳ್ಳೆಗಳೆದ್ದು ಪದರ ಕಿತ್ತುಬರಬಹುದು.

ನೀರಿನ ಅಳತೆ: ಕೊಳವೆಬಾವಿ ನೀರು ಗಡಸು. ಫಾಸ್ಫೇಟ್ ಬಫರ್ ಸೇರಿಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಇಳಿದು ಎಲೆಕ್ಟ್ರೋಡಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಅಸಿಟೇಟ್ ಬಫರ್ ಬಳಸಿ: 500 ಮಿ.ಲೀ.ಗೆ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ 8.6 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಸಿಡ್ 2.1 ಮಿ.ಲೀ. ಹಾಕಿ ಪಿಎಚ್ 5ಕ್ಕೆ ತನ್ನಿ. 4ಕ್ಕಿಂತ ಇಳಿದರೆ ನೈಟ್ರೈಟ್ ನೈಟ್ರಸ್ ಆಮ್ಲವಾಗಿ ಕೆಡತೊಡಗುತ್ತದೆ.

ಸೋಸಿದ ನೀರು 5 ಮಿ.ಲೀ., ಬಫರ್ 5 ಮಿ.ಲೀ. ಬೆರೆಸಿ, 0.5ರಿಂದ 1.1 ವೋಲ್ಟ್ ವರೆಗೆ ಡಿಫರೆನ್ಶಿಯಲ್ ಪಲ್ಸ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಸಣ್ಣ ಪಲ್ಸ್‌ಗಳೊಂದಿಗೆ ಏರಿಸುತ್ತಾ ಕರೆಂಟ್ ಅಳೆಯುವುದು) ಓಡಿಸಿ; ಪಲ್ಸ್ 50 ಮಿಲಿವೋಲ್ಟ್ ಇರಲಿ. ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡಿಗೆ ಹೋಲಿಸಿದರೆ ನೈಟ್ರೈಟಿನ ಪೀಕ್ 0.8 ವೋಲ್ಟ್ ಆಸುಪಾಸು ಕಾಣುತ್ತದೆ.

ಶುದ್ಧ ನೀರಲ್ಲಿ ಎಳೆದ ಕ್ಯಾಲಿಬ್ರೇಶನ್ ಗೆರೆಯನ್ನು (ಪೀಕಿನ ಎತ್ತರದಿಂದ ನೈಟ್ರೈಟ್ ಪ್ರಮಾಣ ಓದುವ ಗೆರೆ) ಬಾವಿ ನೀರಿಗೆ ಹಚ್ಚಬೇಡಿ. ನೀರಿನಲ್ಲಿರುವ ಸಾವಯವ ಪದಾರ್ಥಗಳು ಎಲೆಕ್ಟ್ರೋಡಿಗೆ ಅಂಟಿ ಪೀಕನ್ನು ಕುಗ್ಗಿಸಬಹುದು. ಬದಲಿಗೆ ಅದೇ ಪಾತ್ರೆಗೆ ಗೊತ್ತಿರುವ ನೈಟ್ರೈಟ್ ಸೇರಿಸುತ್ತಾ ಹೋಗಿ. 69 ಮಿಲಿಗ್ರಾಂ ಸೋಡಿಯಂ ನೈಟ್ರೈಟನ್ನು 100 ಮಿ.ಲೀ. ನೀರಲ್ಲಿ ಆ ದಿನವೇ ಕರಗಿಸಿ. ಇದರ ಪ್ರತಿ 10 ಮೈಕ್ರೋಲೀಟರ್ ಪಾತ್ರೆಯಲ್ಲಿ 10 ಮೈಕ್ರೋಮೋಲಾರ್ ಏರಿಸುತ್ತದೆ. ನಾಲ್ಕು ಸಲ ಸೇರಿಸಿ, ಪ್ರತಿ ಸಲವೂ ಕಲಕಿ, ನಿಲ್ಲಿಸಿ, ಅಳೆಯಿರಿ. ಸೇರಿಸಿದ ನೈಟ್ರೈಟನ್ನು ಅಡ್ಡ ಅಕ್ಷದಲ್ಲಿ, ಪೀಕಿನ ಎತ್ತರವನ್ನು ಲಂಬ ಅಕ್ಷದಲ್ಲಿ ಇಟ್ಟ ಗ್ರಾಫಿನಲ್ಲಿ ಗೆರೆಯನ್ನು ಎಡಕ್ಕೆ ಚಾಚಿದಾಗ ಅಡ್ಡ ಅಕ್ಷ ಮುಟ್ಟುವ ಅಂಕಿಯ (ಮೈನಸ್ ಬಿಟ್ಟು) ಎರಡರಷ್ಟೇ ನಿಮ್ಮ ನೀರಿನ ನೈಟ್ರೈಟ್; ಬಫರ್ ಬೆರೆತು ನೀರು ಅರ್ಧಕ್ಕೆ ತೆಳುವಾಗಿರುತ್ತದೆ. ಅದನ್ನು 0.046ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. 65 ಮೈಕ್ರೋಮೋಲಾರ್ ಬಂದರೆ ಮಿತಿ ಮುಟ್ಟಿತೆಂದೇ ಅರ್ಥ.

ಮಾದರಿಯನ್ನು ಐಸ್ ಡಬ್ಬಿಯಲ್ಲಿ ತನ್ನಿ. ಬೆಚ್ಚಗಿಟ್ಟರೆ ಬ್ಯಾಕ್ಟೀರಿಯಾ ಅಂಕಿಯನ್ನೇ ಬದಲಿಸುತ್ತವೆ. ಈ ಸೆನ್ಸರಿಗೆ ನೈಟ್ರೇಟ್ ಕಾಣುವುದಿಲ್ಲ, ಬಾವಿಗಳಲ್ಲಿ ಸಾಮಾನ್ಯವಾಗಿ ಅದೇ ಹೆಚ್ಚು. ನೈಟ್ರೈಟ್ ಇಲ್ಲವೆಂದು ಬಂದ ಮಾತ್ರಕ್ಕೆ ನೀರು ಕುಡಿಯಲು ಸರಿ ಎಂದು ಊರಿನವರಿಗೆ ಹೇಳಬೇಡಿ. ಭಾರತೀಯ ಮಾನಕದಲ್ಲಿ ಲೀಟರಿಗೆ 45 ಮಿಲಿಗ್ರಾಂ ಮಿತಿ ಇರುವ ನೈಟ್ರೇಟನ್ನು ಬೇರೆ ವಿಧಾನದಲ್ಲಿ ಪರೀಕ್ಷಿಸಲೇಬೇಕು.